ಒಂಬತ್ತು ವರ್ಷದ ಮಗನನ್ನು ನಾಲ್ಕು ವಾರದ ಯಹೂದಿ ಸಮ್ಮರ್ ಕ್ಯಾಂಪಿಗೆ ಕಳಿಸಬಹುದಾ?

ಗಂಡ ಯಹೂದಿ, ನೀವು ಕನ್ನಡದವರು. ಮಗ ನಮ್ಮತನ ಮರೆತುಬಿಡ್ತಾನಾ, ಮೊದಲ ಸಲಕ್ಕೆ ಎರಡೇ ವಾರ ಸಾಕಾ ಅಂತ ಕೇಳಿದ್ದೀರಿ. ಮಗನ ಜಾಗದಲ್ಲಿ ಮಗಳು ಅಂತ ಬರೆದರೆ ಇದು ನಮ್ಮನೆ ಕಥೆ. ನಾನು ತುಮಕೂರಿನವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ.

ನನ್ನ ಗಂಡನ ಮನೆಯಲ್ಲಿ ಕ್ಯಾಂಪಿಗೆ ಹೋಗೋದು ತಲೆಮಾರುಗಳಿಂದ ಬಂದದ್ದು. ಅತ್ತೆಯ ಅಪ್ಪ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ ಬೆಳೆದವರು. ಗಾಳಿ ಬೆಳಕಿಲ್ಲದ ವಠಾರಗಳು, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಎಲ್ಲೆಲ್ಲೂ ಕ್ಷಯ. ಅಂಥ ಬಡ ಹುಡುಗರಿಗೆ ಬೇಸಿಗೆಯಲ್ಲಾದರೂ ಒಳ್ಳೆ ಗಾಳಿ, ಹೊಟ್ಟೆ ತುಂಬ ಊಟ ಸಿಗಲಿ ಅಂತ 1902ರಲ್ಲಿ ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಊರಿನಲ್ಲಿ ಸರ್‌ಪ್ರೈಸ್ ಲೇಕ್ ಕ್ಯಾಂಪ್ ಶುರುವಾಯಿತು. ಇವತ್ತಿಗೂ ನಡೀತಿದೆ. ಅತ್ತೆಯ ಅಪ್ಪ ಈಜು ಕಲಿತದ್ದು ಅಲ್ಲೇ. ಆ ಕಾಲದ ಕ್ಯಾಂಪುಗಳಿಗೆ ಇನ್ನೊಂದು ಉದ್ದೇಶವೂ ಇತ್ತು. ವಲಸೆ ಬಂದವರ ಮಕ್ಕಳು ಬೇಗ ಅಮೆರಿಕದವರಾಗಬೇಕು. ಯಹೂದಿಗಳನ್ನು ಸೇರಿಸಿಕೊಳ್ಳದ ಕ್ಯಾಂಪು, ಹೋಟೆಲುಗಳು ಆಗ ಬೇಕಾದಷ್ಟಿದ್ದವು. ಹಾಗಾಗಿ ತಮ್ಮದನ್ನು ತಾವೇ ಕಟ್ಟಿಕೊಂಡರು.

ಅತ್ತೆಯ ಕಾಲಕ್ಕೆ ಚಿಂತೆ ಉಲ್ಟಾ ಆಗಿತ್ತು. ಹಿಟ್ಲರ್ ಯುರೋಪಿನ ಯಹೂದಿ ಊರುಗಳನ್ನೇ ಅಳಿಸಿಹಾಕಿದ್ದ. ಇಲ್ಲಿನ ಮಕ್ಕಳು ಪೂರ್ತಿ ಅಮೆರಿಕದವರಾಗಿಬಿಟ್ಟಿದ್ದರು. ಈಗ ಇವರನ್ನು ಯಹೂದಿಗಳಾಗಿ ಉಳಿಸಿಕೊಳ್ಳುವುದು ಹೇಗೆ? ಇದಕ್ಕೂ ಕ್ಯಾಂಪೇ ದಾರಿ ಅಂದುಕೊಂಡರು. ಯಹೂದಿಗಳಲ್ಲಿ ಮೂರು ದೊಡ್ಡ ಪಂಥಗಳಿವೆ: ಕಟ್ಟಾ ಸಂಪ್ರದಾಯದ ಆರ್ಥೊಡಾಕ್ಸ್, ನಡುವಿನ ಕನ್ಸರ್ವೇಟಿವ್, ಉದಾರವಾದ ರಿಫಾರ್ಮ್. ಕನ್ಸರ್ವೇಟಿವ್ ಪಂಥದವರು 1947ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಮೊದಲ ರಾಮಾ ಕ್ಯಾಂಪ್ ತೆರೆದರು. ರಿಫಾರ್ಮ್ ಪಂಥದವರು 1952ರಲ್ಲಿ ಅದೇ ರಾಜ್ಯದ ಒಕೊನೊಮೊವಾಕ್‌ನಲ್ಲಿ ತಮ್ಮದನ್ನು ಶುರು ಮಾಡಿದರು. ನಮ್ಮತ್ತೆ ಹೋಗಿದ್ದು ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟದ ಮಸ್ಸಾದ್ ಕ್ಯಾಂಪಿಗೆ. 1941ರಲ್ಲಿ ಹುಟ್ಟಿದ ಆ ಕ್ಯಾಂಪ್ ಈಗಿಲ್ಲ. ಅಲ್ಲಿ ಎಲ್ಲಾ ಹೀಬ್ರೂನಲ್ಲೇ. ಬೇಸ್‌ಬಾಲ್ ಕೂಡ. ಈಗಲೂ ಟಿವಿ ಮುಂದೆ ಕೂತು ಅಂಪೈರನ್ನು ಅವರು ಬೈಯೋದು ಹೀಬ್ರೂನಲ್ಲಿ.

ಮಗಳಿಗೆ ಒಂಬತ್ತಾದಾಗ ಅತ್ತೆಯೂ ಗಂಡನೂ ಒಟ್ಟಿಗೆ ಹಿಡಿದರು. ಕಳಿಸಲೇಬೇಕು ಅಂತ. ನನಗೆ ಇಷ್ಟವಿರಲಿಲ್ಲ. ಬೇಸಿಗೆ ರಜೆ ಅಂದರೆ ಅಜ್ಜಿ ಮನೆ ಅಂತ ಬೆಳೆದವಳು ನಾನು. ದುಡ್ಡು ಕೊಟ್ಟು ಮಗುವನ್ನು ದೂರ ಕಳಿಸೋದು ಯಾವ ಸೀಮೆ ಪ್ರೀತಿ ಅನಿಸಿತ್ತು.

ಹೊರಡುವ ದಿನ ಕಾರಿನಲ್ಲಿ ಅವಳಿಗೆ ಗುಟ್ಟಾಗಿ ಹೇಳಿದೆ: 'ಇಷ್ಟ ಆಗಲಿಲ್ಲ ಅಂದ್ರೆ ಒಂದು ಕಾಗದ ಬರಿ ಪುಟ್ಟೀ. ಅಮ್ಮ ಬಂದು ಕರ್ಕೊಂಡು ಬರ್ತೀನಿ.'

ಈ ಒಂದು ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಮಾತು ಪ್ರೀತಿಯದೇ. ಆದರೆ ಮಗುವಿಗೆ ಕೇಳಿಸೋದು ಬೇರೆ. ಮೊದಲನೆಯದು, 'ನಿನ್ನ ಕೈಲಿ ಇದು ಆಗಲ್ಲ ಅಂತ ಅಮ್ಮನಿಗೇ ಗೊತ್ತು' ಅಂತ. ಎರಡನೆಯದು, 'ಇಲ್ಲಿ ಇರೋದು ಬಿಡೋದು ನಿನ್ನ ಇಷ್ಟ' ಅಂತ. ಮೊದಲ ಕೆಲವು ರಾತ್ರಿ ಎಷ್ಟೋ ಮಕ್ಕಳು ಅಳುತ್ತವೆ. ಹೊರಡೋ ದಾರಿ ಇಲ್ಲ ಅಂತ ಗೊತ್ತಿರುವ ಮಗು ಪಕ್ಕದ ಮಂಚದವಳ ಹತ್ತಿರ ಮಾತಾಡುತ್ತೆ, ಮಕ್ಕಳನ್ನು ನೋಡಿಕೊಳ್ಳುವ ಕೌನ್ಸೆಲರ್ ಮಡಿಲಲ್ಲಿ ಅತ್ತು ಮುಗಿಸುತ್ತೆ. ನನ್ನ ಮಗಳು ಯಾವುದನ್ನೂ ಮಾಡಲಿಲ್ಲ. ಕಾಗದ ಬರೆದಳು, ಗೇಟಿನ ಕಡೆ ನೋಡುತ್ತಾ ಕೂತಳು. ಅಲ್ಲಿ ಮಕ್ಕಳಿಗೆ ಫೋನ್ ಇಲ್ಲ. 'ಅಮ್ಮಾ, ನೀನು ಹೇಳಿದ್ದೆ' ಅಂತ ಶುರುವಾದ ಆ ಕಾಗದ ನನ್ನ ಕೈ ಸೇರುವ ಹೊತ್ತಿಗೆ ಅವಳು ಊಟ ಅರ್ಧ ಮಾಡಿದ್ದಳು, ಕೆರೆಗೆ ಇಳಿಯೋದನ್ನು ಬಿಟ್ಟಿದ್ದಳು. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ತಂದೆತಾಯಿಗಳಿಗೆ ಹೇಳುವ ಬುದ್ಧಿಮಾತಲ್ಲಿ ಇದೂ ಇದೆ: ಬಂದು ಕರ್ಕೊಂಡು ಹೋಗ್ತೀವಿ ಅಂತ ಮಾತು ಕೊಡಬೇಡಿ. ನಾನು ಅದನ್ನು ಓದಿದ್ದೆ. ಇವರಿಗೇನು ಗೊತ್ತು ಅಂತ ಪಕ್ಕಕ್ಕಿಟ್ಟಿದ್ದೆ.

ನಾನು ಕಾರು ತಗೊಂಡು ಹೊರಟೇಬಿಟ್ಟೆ. ಅವತ್ತು ಗುರುವಾರ. ನಾಳೆ ಶುಕ್ರವಾರ ಕಳೆಯಲಿ ಅಂತ ಕ್ಯಾಂಪಿನವರು ಬೇಡಿಕೊಂಡರು. ಒಂದು ದಿನದಲ್ಲಿ ಏನಾಗುತ್ತೆ ಅಂತ ನಾನು ಕೇಳಲಿಲ್ಲ.

ಏನಾಗುತ್ತೆ ಅಂತ ಆಮೇಲೆ ಗೊತ್ತಾಯಿತು. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಯಹೂದಿಗಳ ವಾರದ ಪವಿತ್ರ ದಿನ, ಶಬ್ಬತ್. ಕ್ಯಾಂಪಿನಲ್ಲಿ ಶುಕ್ರವಾರ ಮಧ್ಯಾಹ್ನ ಅಂದರೆ ನಮ್ಮ ಹಬ್ಬದ ಹಿಂದಿನ ದಿನದ ಹಾಗೆ. ಮಲಗುವ ಮನೆ ಗುಡಿಸಿ, ಸ್ನಾನ ಮಾಡಿ, ಎಲ್ಲರೂ ಬಿಳಿ ಬಟ್ಟೆ ಹಾಕುತ್ತಾರೆ. ಸಣ್ಣವರು ದೊಡ್ಡವರು ಅನ್ನದೆ ಹಾಡುತ್ತಾ ಕೆರೆ ದಂಡೆಗೆ ಹೋಗಿ ಪ್ರಾರ್ಥನೆ ಮಾಡುತ್ತಾರೆ. ಮೇಣದಬತ್ತಿ, ಹೆಣೆದ ಹಲ್ಲಾ ಬ್ರೆಡ್, ಊಟ. ಊಟ ಆದಮೇಲೆ ಮೇಜು ಬಡಿದುಕೊಂಡು ಗಂಟಲು ಹೋಗೋವರೆಗೂ ಹಾಡು. ಶನಿವಾರ ಕತ್ತಲಾಗಿ ನಕ್ಷತ್ರ ಕಂಡಮೇಲೆ ಶಬ್ಬತ್ ಮುಗಿಸುವ ಹವ್ದಾಲಾ. ಹೆಣೆದ ಬತ್ತಿ ಹಚ್ಚುತ್ತಾರೆ, ಲವಂಗ ಚಕ್ಕೆ ಮೂಸಲು ಕೊಡುತ್ತಾರೆ, ಹೆಗಲಿಗೆ ಹೆಗಲು ಸೇರಿಸಿ ದುಂಡಗೆ ನಿಂತು ಶಬ್ಬತ್ ಬೀಳ್ಕೊಡುತ್ತಾರೆ. ಬತ್ತಿಯನ್ನು ದ್ರಾಕ್ಷಿ ರಸದಲ್ಲಿ ಅದ್ದಿ ಆರಿಸುತ್ತಾರೆ. ಆವತ್ತಿನವರೆಗೆ ಅತ್ತ ಎಷ್ಟೋ ಮಕ್ಕಳು ಅವತ್ತಿಂದ ಸರಿಹೋಗುತ್ತಾರೆ ಅಂತ ಅಲ್ಲಿನವರ ಅನುಭವ. ನಾನು ಮಗಳನ್ನು ಆ ಶುಕ್ರವಾರದ ಹಿಂದಿನ ದಿನ ಎತ್ತಿಕೊಂಡು ಬಂದಿದ್ದೆ.

ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಅದು ಬಿಡಿ. 'ನಾನು ಅಳುಬುರುಕಿ, ಅದಕ್ಕೇ ಬಂದೆ' ಅಂತ ಅವಳು ತಂಗಿಗೆ ಹೇಳೋದು ಕೇಳಿಸಿತು. ಮರುವರ್ಷ ಕ್ಯಾಂಪ್ ಹೆಸರು ಎತ್ತಲು ಬಿಡಲಿಲ್ಲ. ಅದರ ಮುಂದಿನ ವರ್ಷ ನಾದಿನಿ ಮಗಳ ಜೊತೆ ಹೋದಳು. ಈ ಸಲ ಬೀಳ್ಕೊಟ್ಟದ್ದು ನನ್ನ ಗಂಡ. ನನ್ನನ್ನು ಮನೆಯಲ್ಲೇ ಬಿಟ್ಟಿದ್ದರು, ಬುದ್ಧಿವಂತರು. ಈಗ ಅವಳಿಗೆ ವರ್ಷ ಅಂದರೆ ಹತ್ತು ತಿಂಗಳು ಕಾಯೋದು, ಎರಡು ತಿಂಗಳು ಬದುಕೋದು.

ಇನ್ನು ನಿಮ್ಮ 'ನಮ್ಮತನ'ದ ಪ್ರಶ್ನೆ. ನನಗೆ ಅದು ಒಪ್ಪಿಗೆಯಿಲ್ಲ. ಮಗನ ಜೊತೆ ಮನೆಯಲ್ಲಿ ಕನ್ನಡ ಮಾತಾಡುತ್ತೀರಾ? ಹೌದಾದರೆ ನಾಲ್ಕು ವಾರದಲ್ಲಿ ಅದು ಎಲ್ಲೂ ಹೋಗಲ್ಲ. ಇಲ್ಲವಾದರೆ ಅದು ಹೋಗಿ ಕಾಲವಾಯಿತು, ಕ್ಯಾಂಪಿನ ಮೇಲೆ ಹಾಕಬೇಡಿ. ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ: ಆ ಕ್ಯಾಂಪ್ ಯಾವ ಪಂಥದ್ದು? ಆರ್ಥೊಡಾಕ್ಸ್, ಕನ್ಸರ್ವೇಟಿವ್ ಲೆಕ್ಕದಲ್ಲಿ ತಾಯಿ ಯಹೂದಿಯಾಗಿದ್ದರೆ ಮಾತ್ರ ಮಗು ಹುಟ್ಟಿನಿಂದ ಯಹೂದಿ. ರಿಫಾರ್ಮ್ ಪಂಥದ ಧರ್ಮಗುರುಗಳಾದ ರಬ್ಬಿಗಳು 1983ರಲ್ಲಿ ತಂದೆ ಯಹೂದಿಯಾಗಿದ್ದು, ಮಗು ಹಾಗೇ ಬೆಳೆದರೂ ಸಾಕು ಅಂದರು. ನಿಮ್ಮ ಮಗ ಬೇರೆ ಹುಡುಗರ ಬಾಯಲ್ಲಿ 'ನೀನು ನಿಜವಾದ ಯಹೂದಿ ಅಲ್ಲ' ಅಂತ ಕೇಳಿಸಿಕೊಳ್ಳುವುದು ಬೇಡ. ನಾನಾದರೆ ಕಣ್ಣುಮುಚ್ಚಿ ರಿಫಾರ್ಮ್ ಕ್ಯಾಂಪೇ ಆರಿಸುತ್ತೇನೆ.

ನೀವು ಸಸ್ಯಾಹಾರಿಗಳಾದರೆ ಕೋಶರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ, ಅಡುಗೆಮನೆಯಿಂದ ಅನುಕೂಲವೇ. ಹಾಲಿನ ಊಟ ಇದ್ದ ಹೊತ್ತು ಮಾಂಸ ಹತ್ತಿರ ಸುಳಿಯೋ ಹಾಗಿಲ್ಲ. ಮೀನು ಮಾತ್ರ ಅವರ ಲೆಕ್ಕದಲ್ಲಿ ಮಾಂಸ ಅಲ್ಲ, ಮಗನಿಗೆ ಹೇಳಿಟ್ಟಿರಿ. ಚಕ್ಲಿ, ಕೋಡುಬಳೆ ಪಾರ್ಸೆಲ್ ಮಾಡುವ ಮೊದಲು ನಿಯಮ ಓದಿ. ನಾನು ಕಳಿಸಿದ್ದನ್ನು ಮಗಳಿಗೆ ಕೊಡಲೇ ಇಲ್ಲ. ಜುಲೈನಲ್ಲೋ ಆಗಸ್ಟ್‌ನಲ್ಲೋ ತಿಶಾ ಬೆ ಆವ್ ಬರುತ್ತೆ. ಜೆರುಸಲೇಮಿನ ದೇವಾಲಯಗಳು ಬಿದ್ದ ದಿನ. ದೊಡ್ಡವರು ಉಪವಾಸ ಇರುತ್ತಾರೆ, ರಾತ್ರಿ ನೆಲದ ಮೇಲೆ ಕೂತು ಶೋಕಗೀತೆ ಓದುತ್ತಾರೆ. ಆ ವಾರ ಮಗನ ಕಾಗದ ಸಪ್ಪಗಿದ್ದರೆ ಗಾಬರಿ ಆಗಬೇಡಿ. ಮಕ್ಕಬಿಯಾ ಅನ್ನೋ ಆಟದ ಸ್ಪರ್ಧೆಯ ವಾರದಲ್ಲಿ ಕಾಗದವೇ ಬರಲ್ಲ. ಇಡೀ ಕ್ಯಾಂಪ್ ಬಣ್ಣಗಳ ತಂಡವಾಗಿ ಒಡೆದು, ಓಟದಿಂದ ಹಾಡಿನವರೆಗೆ ಪೈಪೋಟಿಗೆ ಬಿದ್ದಿರುತ್ತೆ.

ಎರಡು ವಾರ ಬೇಡ, ನಾಲ್ಕಕ್ಕೇ ಕಳಿಸಿ. ಎರಡು ವಾರದಲ್ಲಿ ಅರ್ಧ ಅಳು, ಅರ್ಧ ಹೊಂದಾಣಿಕೆ, ಅಷ್ಟರಲ್ಲಿ ಬಸ್ ಹತ್ತೋದು. ಫೀಸು ಸಾವಿರಗಳ ಲೆಕ್ಕದಲ್ಲಿರುತ್ತೆ, ನಿಜ. 1998ರಲ್ಲಿ ಶುರುವಾದ ಫೌಂಡೇಶನ್ ಫಾರ್ ಜ್ಯೂಯಿಶ್ ಕ್ಯಾಂಪ್‌ನವರ 'ಒನ್ ಹ್ಯಾಪಿ ಕ್ಯಾಂಪರ್' ಯೋಜನೆಯಲ್ಲಿ ಮೊದಲ ಸಲ ಹೋಗುವ ಮಕ್ಕಳಿಗೆ 1,000 ಡಾಲರ್ ತನಕ ರಿಯಾಯಿತಿ ಇದೆ. ಊರಿಂದೂರಿಗೆ ನಿಯಮ ಬೇರೆ. ಕ್ಯಾಂಪ್ ಕಚೇರಿಗೇ ಫೋನ್ ಮಾಡಿ ಕೇಳಿ. ಅಮ್ಮ ಯಹೂದಿ ಅಲ್ಲ ಅನ್ನೋದನ್ನೂ ಅದೇ ಫೋನಿನಲ್ಲಿ ಹೇಳಿಬಿಡಿ.