ಕಾಗದವೇ ಬೇಕು ಎಂಬುದು ವಯಸ್ಸಿನ ಹಟವೇ?

ಓದುಗರ ಪತ್ರ (ಸಂಗ್ರಹ): ನನಗೆ 47 ವರ್ಷ. ಕೆಲಸದ ಜೊತೆಗೆ ದೂರಶಿಕ್ಷಣದಲ್ಲಿ ಎಂ.ಎ. ಓದುತ್ತಿದ್ದೇನೆ. ಮೊದಲ ವರ್ಷ ಅಚ್ಚಾದ ಪಠ್ಯಗಳು ಅಂಚೆಯಲ್ಲಿ ಬಂದವು. ಈ ವರ್ಷ ಪಿಡಿಎಫ್ ಕೊಂಡಿ ಮಾತ್ರ ಬಂದಿದೆ. ಕಾಗದದ ಪ್ರತಿ ಬೇಕು ಎಂದರೆ ಕಿರಿಯ ಸಹಪಾಠಿಗಳು ನಗುತ್ತಾರೆ. ನಿಮ್ಮ ಪತ್ರಿಕೆಯೂ ಹಿಂದಿನ ಸಂಚಿಕೆಯಲ್ಲಿ ‘ಅಚ್ಚಿನ ಪಠ್ಯದ ದಿನ ಮುಗಿಯಿತು’ ಎಂದು ಬರೆಯಿತು. ನನ್ನದು ಬರಿಯ ಹಟವೇ? ದಯವಿಟ್ಟು ಹೆಸರು ಪ್ರಕಟಿಸಬೇಡಿ. (ಮರೆತಿದ್ದೆ: ಪಿಡಿಎಫ್‌ನಲ್ಲಿ ಗೆರೆ ಎಳೆದದ್ದೆಲ್ಲ ಮರುದಿನ ಮಾಯವಾಗಿರುತ್ತದೆ. ಏಕೆ?)

ಮಾನ್ಯರೇ,

ನಗುವ ಸಹಪಾಠಿಗಳ ವಿಷಯ ಆಮೇಲೆ; ಮೊದಲು ನಮ್ಮ ತಪ್ಪು. ಆ ಸಾಲು ಬರೆದವನು ನಾನೇ. ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ಕಾಗದದ ಬೆಲೆ, ಅಚ್ಚಿನ ಖರ್ಚು, ಗೋದಾಮಿನಲ್ಲಿ ದೂಳು ಹಿಡಿಯುವ ಪ್ರತಿಗಳು. ದಿನದ ದುಡಿಮೆ ಮುಗಿಸಿ ರಾತ್ರಿ ಹತ್ತಕ್ಕೆ ಪಠ್ಯ ಹಿಡಿದು ಕೂರುವವರ ನೆನಪು ನನಗೆ ಬರಲಿಲ್ಲ. ಆ ಸಾಲನ್ನು ಹಿಂತೆಗೆದುಕೊಂಡಿದ್ದೇನೆ.

ಇನ್ನು ವಯಸ್ಸು. ಡಯಾನ್ ಮಿಜ್ರಾಚಿ ಎಂಬ ಗ್ರಂಥಪಾಲಕಿ ಮತ್ತು ಅವರ ಸಹೋದ್ಯೋಗಿಗಳು 21 ದೇಶಗಳ 10,293 ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ 2018ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಪಠ್ಯವನ್ನು ಕಾಗದದಲ್ಲೇ ಓದಲು ಬಯಸಿದವರು ಶೇ 78ರಷ್ಟು. ಕಾಗದದಲ್ಲಿ ಓದಿದರೆ ಮನಸ್ಸು ನಿಲ್ಲುತ್ತದೆ ಎಂದವರು ಶೇ 82ರಷ್ಟು. ಅವರೆಲ್ಲ 47 ದಾಟಿದವರಲ್ಲ. ಸಹಪಾಠಿಗಳು ನಗುವುದಾದರೆ ನಿಮ್ಮೊಬ್ಬರನ್ನೇ ಅಲ್ಲ, ತಮ್ಮದೇ ವಾರಿಗೆಯ ಬಹುಪಾಲು ಜನರನ್ನೂ ನೋಡಿ ನಗಬೇಕಾಗುತ್ತದೆ. ಆ ಪ್ರಶ್ನಾವಳಿಯಲ್ಲಿ ನನಗೆ ಹಿಡಿಸಿದ್ದು ಬೇರೊಂದು ಸಂಗತಿ. ಓದು ಏಳು ಪುಟಕ್ಕಿಂತ ಕಡಿಮೆಯಿದ್ದರೆ ಯಾವುದು ಬೇಕು, ಏಳು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಯಾವುದು ಬೇಕು ಎಂದು ಬೇರೆ ಬೇರೆಯಾಗಿ ಕೇಳಿದ್ದಾರೆ. ಮನುಷ್ಯ ಒಟ್ಟಾರೆ ಕಾಗದದ ಪಕ್ಷವೋ ಪರದೆಯ ಪಕ್ಷವೋ ಆಗಿರುವುದಿಲ್ಲ, ಕೈಗೆ ಬಂದ ಓದನ್ನು ನೋಡಿ ಆರಿಸುತ್ತಾನೆ ಎಂಬುದು ಕೇಳಿದವರಿಗೆ ಗೊತ್ತಿತ್ತು.

ಆದರೆ ಇಷ್ಟಪಟ್ಟದ್ದರಿಂದಲೇ ಹೆಚ್ಚು ಅರ್ಥವಾಗುತ್ತದೆ ಎನ್ನಲು ಬಾರದು. ಆ ಪ್ರಶ್ನೆಗೂ ಉತ್ತರ ಹುಡುಕಿದವರಿದ್ದಾರೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು, ಎಂದರೆ 1.7 ಲಕ್ಷಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು, ಒಟ್ಟುಗೂಡಿಸಿ ನೋಡಿದಾಗ ಕಾಗದಕ್ಕೆ ಸಣ್ಣದಾದರೂ ಸ್ಪಷ್ಟವಾದ ಮೇಲುಗೈ ಕಂಡುಬಂತು. ಕಥೆಗಳ ಓದಿನಲ್ಲಿ ಅಂತರವಿರಲಿಲ್ಲ. ಮಾಹಿತಿ ತುಂಬಿದ ಬರಹದಲ್ಲಿ, ಅದರಲ್ಲೂ ಗಡಿಯಾರ ನೋಡುತ್ತ ಓದುವಾಗ, ಅಂತರ ಕಾಣಿಸಿತು. ಪರೀಕ್ಷೆಗೆ ಓದುವವರ ಪಾಡೇ ಅದು. ‘ಪರದೆಯ ಜೊತೆಗೇ ಬೆಳೆದ ಪೀಳಿಗೆ ಬಂದರೆ ಈ ಅಂತರ ತಾನೇ ಅಳಿಯುತ್ತದೆ’ ಎಂದು ಹಲವರು, ನಾನೂ ಸೇರಿ, ನಂಬಿದ್ದೆವು. ಆ ವರ್ಷಗಳಲ್ಲಿ ಅಂತರ ಹಿಗ್ಗಿತೇ ಹೊರತು ಕುಗ್ಗಲಿಲ್ಲ.

ಏಕೆ ಹೀಗೆ? ನನಗೆ ಒಪ್ಪಿಗೆಯಾಗುವ ವಿವರಣೆ ಇಸ್ರೇಲಿನ ರಾಕೆಫೆಟ್ ಆಕರ್ಮನ್ ಮತ್ತು ಮೊರಿಸ್ ಗೋಲ್ಡ್‌ಸ್ಮಿತ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಎಲ್ಲರಿಗೂ ಒಂದೇ ಅವಧಿ ಗೊತ್ತುಮಾಡಿದಾಗ, ಮೇಲಿನ ಒಟ್ಟು ಲೆಕ್ಕದಲ್ಲಿ ಕಂಡದ್ದಕ್ಕೆ ಬೇರೆಯಾಗಿ, ಈ ಪ್ರಯೋಗದಲ್ಲಿ ಕಾಗದದವರೂ ಪರದೆಯವರೂ ಸಮಸಮ ಬಂದರು. ಎಷ್ಟು ಹೊತ್ತು ಓದಬೇಕೆಂಬುದನ್ನು ಅವರಿಗೇ ಬಿಟ್ಟಾಗ ಪರದೆಯವರು ಹಿಂದೆ ಬಿದ್ದರು. ತಮಗೆ ಎಷ್ಟು ಗೊತ್ತಾಗಿದೆ ಎಂಬ ಅವರ ಅಂದಾಜು ನಿಜಕ್ಕಿಂತ ಮೇಲಿತ್ತು. ಅಂದರೆ ಪರದೆ ಕಣ್ಣಿಗೆ ಮಣ್ಣೆರಚುವುದಿಲ್ಲ. ‘ಆಯಿತು, ತಿಳಿಯಿತು’ ಎಂದು ಬೇಗ ಎದ್ದುಹೋಗುವಂತೆ ಮಾಡುತ್ತದೆ.

ಇದು ನನ್ನ ಮೇಜಿನ ಮೇಲೆ ಪ್ರತಿ ತಿಂಗಳೂ ನಡೆಯುತ್ತದೆ. ಲೇಖನವನ್ನು ಪರದೆಯಲ್ಲಿ ಮೂರು ಸಲ ಓದಿರುತ್ತೇನೆ, ಎಲ್ಲ ಸರಿಯಿದೆ ಎಂದು ಪ್ರಮಾಣ ಮಾಡಬಲ್ಲೆ. ಕರಡಚ್ಚು ಕೈಗೆ ಬಂದ ಮೇಲೆ ಕೆಂಪು ಪೆನ್ನಿನ ತುದಿಯನ್ನು ಒಂದೊಂದು ಪದದ ಕೆಳಗೆ ಇಟ್ಟು ನಡೆಸುತ್ತೇನೆ. ಕಳೆದ ಸಂಚಿಕೆಯಲ್ಲಿ ‘ಸಾವಿರ ಮಂದಿ’ ಎಂದಿರಬೇಕಾದಲ್ಲಿ ‘ಸಾವಿನ ಮಂದಿ’ ಎಂದಿತ್ತು. ಪರದೆಯಲ್ಲಿ ಮೂರು ಬಾರಿ ಅದರ ಮೇಲೆ ಹಾದುಹೋಗಿದ್ದೆ. ಕಾಗದದಲ್ಲಿ ಅಂಥದೇನೋ ಮಂತ್ರವಿದೆ ಎಂದಲ್ಲ. ಪೆನ್ನು ಕೈಯಲ್ಲಿದ್ದರೆ ಓಡಲಾಗುವುದಿಲ್ಲ, ಅಷ್ಟೇ.

ಹಾಗೆಂದು ಪರದೆಯನ್ನು ಬೈದು ಕೂರಲಾರೆ. ನೀವು ಮೊಬೈಲಿನಲ್ಲಿ ಪಿಡಿಎಫ್ ಓದುತ್ತೀರಿ ಎಂದು ಪತ್ರದಿಂದ ಊಹಿಸುತ್ತೇನೆ. ಪಿಡಿಎಫ್ ಎಂದರೆ ಅಚ್ಚಿನ ಪುಟದ ಚಿತ್ರವಿದ್ದಂತೆ. ಅಗಲ ಕಾಗದಕ್ಕೆ ಹೊಂದಿಸಿದ ಸಾಲನ್ನು ಅಂಗೈಯಗಲದ ಗಾಜಿನಲ್ಲಿ ತೋರಿಸುತ್ತದೆ. ಅಕ್ಷರ ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯಾಚೆ ಹೋಗುತ್ತದೆ, ಎಡಕ್ಕೆ ಬಲಕ್ಕೆ ಎಳೆದಾಡುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆವು ಎಂಬುದೇ ತಪ್ಪಿರುತ್ತದೆ. ಆ ಕೋಪವನ್ನು ನೀವು ವಿದ್ಯುನ್ಮಾನ ಓದಿನ ಮೇಲೆಲ್ಲ ಹಾಯಿಸಿದ್ದೀರಿ. ಇಪಬ್ ಎಂಬ ಮಾದರಿಯ ಕಡತದಲ್ಲಿ ಅಕ್ಷರ ದೊಡ್ಡದಾದಂತೆ ಸಾಲುಗಳು ತಾವೇ ಮುರಿದು ಪರದೆಯ ಅಗಲಕ್ಕೆ ಕೂರುತ್ತವೆ. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಬಿಗಿಯಾಗಿ ಹತ್ತಿರದ ಅಕ್ಷರ ಮಸುಕಾಗತೊಡಗುತ್ತದೆ. ಅಚ್ಚಿನ ಪುಟವನ್ನು ನಾವು ತೋಳುದ್ದ ಹಿಡಿಯಬಹುದು, ಕನ್ನಡಕ ಹುಡುಕಬಹುದು, ಅಕ್ಷರವನ್ನು ಮಾತ್ರ ದೊಡ್ಡದು ಮಾಡಲಾರೆವು. ದೃಷ್ಟಿ ಇಲ್ಲದ ವಿದ್ಯಾರ್ಥಿಗಂತೂ ಅಚ್ಚಿನ ಪುಸ್ತಕ ಬೀಗ ಹಾಕಿದ ಪೆಟ್ಟಿಗೆ; ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಕ್ಕೆ ಬೇಕಾದದ್ದು ಸರಿಯಾದ ಪಠ್ಯ ಕಡತ. ಎಲ್ಲರಿಗೂ ಕಾಗದವನ್ನೇ ಕೊಡಿ ಎಂದು ನಾನು ಸಂಪಾದಕೀಯ ಬರೆದರೆ ಅದೂ ಮೊದಲಿನಷ್ಟೇ ದೊಡ್ಡ ತಪ್ಪಾಗುತ್ತದೆ.

ನನ್ನ ಅಸಮಾಧಾನ ಬೇರೆಡೆ ಇದೆ. ದೂರಶಿಕ್ಷಣ ಹುಟ್ಟಿದ್ದೇ ಅಂಚೆಯ ಚೀಲದಲ್ಲಿ. 1840ರ ದಶಕದಲ್ಲಿ ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯ ಪಾಠವನ್ನು ಅಂಚೆಯಲ್ಲಿ ಕಳುಹಿಸಿ, ವಿದ್ಯಾರ್ಥಿಗಳು ಬರೆದದ್ದನ್ನು ತಿದ್ದಿ ಹಿಂದಿರುಗಿಸುತ್ತಿದ್ದರು. ಮನೆಯ ಬಾಗಿಲಿಗೆ ಪಾಠ ತಲುಪಿಸುವ ಹೊಣೆ ಕಲಿಸುವವರದಾಗಿತ್ತು. ಈಗ ಕೊಂಡಿ ಕಳುಹಿಸಿ ಕೈ ತೊಳೆದುಕೊಳ್ಳುತ್ತಾರೆ. ಕಾಗದ ಬೇಕಾದವರು ಕಾಗದ, ಶಾಯಿ, ಬೈಂಡಿಂಗ್ ಎಲ್ಲಕ್ಕೂ ತಾವೇ ತೆರಬೇಕು. ಖರ್ಚು ಉಳಿದಿಲ್ಲ, ಸಂಸ್ಥೆಯ ಲೆಕ್ಕದಿಂದ ನಿಮ್ಮ ಜೇಬಿಗೆ ದಾಟಿದೆ. ಶುಲ್ಕ ಇಳಿಸದೆ ಪುಸ್ತಕ ನಿಲ್ಲಿಸಿದ್ದರೆ ಅದನ್ನು ಆಧುನಿಕತೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಆದ್ದರಿಂದ ಸಂಸ್ಥೆಗೆ ಬರೆಯಿರಿ. ‘ಹಳೆಯ ಪದ್ಧತಿ ಬೇಕು’ ಎನ್ನಬೇಡಿ. ಪ್ರವೇಶದ ಅರ್ಜಿಯಲ್ಲೇ ಅಚ್ಚಿನ ಪ್ರತಿಯನ್ನೋ ಕಡತವನ್ನೋ ಆರಿಸಿಕೊಳ್ಳುವ ಅವಕಾಶ ಕೇಳಿ, ಕಡತವಾದರೆ ಪಿಡಿಎಫ್ ಜೊತೆಗೆ ಇಪಬ್ ಕೂಡ ಕೇಳಿ. ಅಲ್ಲಿಯವರೆಗೆ ಎಲ್ಲವನ್ನೂ ಅಚ್ಚು ಮಾಡಿಸುವ ಗೋಜಿಗೆ ಹೋಗಬೇಡಿ. ವಿಷಯಸೂಚಿ, ಸೂಚನೆಗಳು, ಚಿಕ್ಕ ಲೇಖನಗಳು ಪರದೆಯಲ್ಲೇ ಇರಲಿ. ಎರಡು ಸಲ ಓದಿದರೂ ತಲೆಗೆ ಹತ್ತದ ಅಧ್ಯಾಯ ಯಾವುದೋ ಅದನ್ನಷ್ಟೇ ಕಾಗದಕ್ಕೆ ಇಳಿಸಿ, ಅಂಚು ಅಗಲ ಬಿಟ್ಟು.

ಕೊನೆಗೆ, ಮಾಯವಾಗುವ ಗೆರೆಗಳು. ನೀವು ಬಹುಶಃ ಕೊಂಡಿಯ ಮೇಲೆ ಒತ್ತಿ ಬ್ರೌಸರಿನಲ್ಲೇ ಓದುತ್ತಿದ್ದೀರಿ. ಅಲ್ಲಿ ಎಳೆದ ಗೆರೆ, ಕಡತವನ್ನು ಉಳಿಸದಿದ್ದರೆ, ಕಿಟಕಿ ಮುಚ್ಚಿದೊಡನೆ ಹೋಗಬಹುದು. ಮೊದಲು ಕಡತವನ್ನು ಮೊಬೈಲಿಗೆ ಇಳಿಸಿಕೊಳ್ಳಿ, ಟಿಪ್ಪಣಿ ಉಳಿಸುವ ಪಿಡಿಎಫ್ ಆ್ಯಪ್‌ನಲ್ಲಿ ತೆರೆಯಿರಿ, ಒಂದೇ ಒಂದು ಗೆರೆ ಎಳೆದು ಮುಚ್ಚಿ ಮತ್ತೆ ತೆರೆದು ನೋಡಿ. ಗೆರೆ ಅಲ್ಲೇ ಇದ್ದರೆ ಮುಂದುವರಿಸಬಹುದು. ಇಲ್ಲದಿದ್ದರೆ ಇನ್ನೊಮ್ಮೆ ಬರೆಯಿರಿ, ನಮ್ಮಲ್ಲಿ ಈ ವಿದ್ಯೆ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ.

— ಸಂಪಾದಕ