ಚಳಿಗಾಲದಲ್ಲಿ ಮೂರು ತಿಂಗಳು ಊರಿಗೆ ಹೋಗುವಾಗ ಗಿಟಾರ್ ಒಣಗಿ ಸೀಳದಂತೆ ಇಟ್ಟು ಹೋಗುವುದು ಹೇಗೆ?

ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಅಪಾರ್ಟ್‌ಮೆಂಟ್, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀವು ಮೈಸೂರಿನಲ್ಲಿ, ಗಿಟಾರ್ ಮಾತ್ರ ಅಲ್ಲೇ. ಹಾರ್ಡ್ ಕೇಸ್ (ಗಿಟಾರಿನ ಗಟ್ಟಿ ಪೆಟ್ಟಿಗೆ) ಇದೆ, ಅದರಲ್ಲಿಟ್ಟರೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ಕೇಸ್ ಪೆಟ್ಟು ತಡೆಯುತ್ತದೆ, ಒಣಗಾಳಿಯನ್ನಲ್ಲ. ಗಾಳಿ ಒಳಗೆ ಹೋಗುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ. ಹಾಗಂತ ಇಡೀ ಮನೆಗೆ ತೇವ ಕೊಡುವ ಗೋಜೂ ಬೇಡ. ಕೇಸಿನೊಳಗಿನ ಗಾಳಿಯೊಂದನ್ನು ನೋಡಿಕೊಂಡರೆ ಆಯಿತು. ನಾನೂ ಇಂಥದ್ದೇ ಚಳಿಯ ಊರಿನಲ್ಲಿದ್ದೇನೆ, ಊರಿಗೆ ಹೊರಟಾಗಲೆಲ್ಲ ಹೀಗೇ ಮಾಡುತ್ತೇನೆ.

ಹೊರಗೆ ಅಷ್ಟೊಂದು ಹಿಮ ಬಿದ್ದಿರುವಾಗ ಗಾಳಿ ಒಣಗಿರುತ್ತದೆ ಅಂದರೆ ನಂಬುವುದು ಕಷ್ಟ, ಅಲ್ವಾ? ಆದರೆ ತಣ್ಣನೆಯ ಗಾಳಿಯಲ್ಲಿ ನೀರಿನ ಆವಿ ತೀರಾ ಕಡಿಮೆ ಇರುತ್ತದೆ. ಮೈನಸ್ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ 80% ಆರ್ದ್ರತೆ (ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ) ಇರುವ ಗಾಳಿಯನ್ನು ಹೀಟರ್ 21 ಡಿಗ್ರಿಗೆ ಬಿಸಿ ಮಾಡಿದರೆ ಅದರ ಆರ್ದ್ರತೆ ಸುಮಾರು 10%ಕ್ಕೆ ಇಳಿಯುತ್ತದೆ. ನೀವು ಮನೆಯಲ್ಲಿದ್ದರೆ ಅಡುಗೆ, ಸ್ನಾನ, ಒಗೆದ ಬಟ್ಟೆ, ಉಸಿರು ಎಲ್ಲ ಸೇರಿ ಒಂದಿಷ್ಟು ತೇವ ಕೊಡುತ್ತವೆ. ಬೀಗ ಹಾಕಿದ ಮನೆಗೆ ಅದೂ ಇಲ್ಲ. ಅದಕ್ಕೇ ಖಾಲಿ ಮನೆ ಇನ್ನೂ ಜಾಸ್ತಿ ಒಣಗುತ್ತದೆ.

ಗಿಟಾರಿಗೆ ಬೇಕಾಗಿರುವುದು 45ರಿಂದ 55% ಆರ್ದ್ರತೆ. ಒಣಗಿದಾಗ ಮರ ಉದ್ದಕ್ಕೆ ಹೆಚ್ಚೇನೂ ಕುಗ್ಗುವುದಿಲ್ಲ, ನಾರಿನ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ. ಮುಂಭಾಗದ ಹಲಗೆ ಸುಮಾರು 3 ಮಿಲಿಮೀಟರ್ ದಪ್ಪ ಇರುತ್ತದೆ, ಹೆಚ್ಚಾಗಿ ಸ್ಪ್ರೂಸ್ ಮರದ್ದು. ಅದರ ಒಳಗೆ ಅಡ್ಡಡ್ಡ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಹಲಗೆ ಕುಗ್ಗಲು ಹೊರಟರೆ ಪಟ್ಟಿಗಳು, ಅಂಚುಗಳು ಬಿಡುವುದಿಲ್ಲ. ಎಲ್ಲಿ ಬಲ ಕಡಿಮೆಯೋ ಅಲ್ಲಿ ಸೀಳುತ್ತದೆ. ಜೊತೆಗೆ ಸ್ಟೀಲ್ ತಂತಿಗಳು ಆರೂ ಸೇರಿ 70 ಕಿಲೋ ಆಸುಪಾಸು ಎಳೆಯುತ್ತಿರುತ್ತವೆ. ಹೊರಗೆ ಎಷ್ಟೇ ಹೊಳೆಯುವ ಪಾಲಿಶ್ ಇದ್ದರೂ ಗಿಟಾರಿನ ಹೊಟ್ಟೆಯೊಳಗೆ ಸಾಮಾನ್ಯವಾಗಿ ಪಾಲಿಶ್ ಇರುವುದಿಲ್ಲ, ಬರೀ ಮರ. ತೇವ ಹೋಗುವುದು ಮುಖ್ಯವಾಗಿ ಅಲ್ಲಿಂದ.

ನಿಮ್ಮದು ಪೂರ್ತಿ ಪ್ಲೈ (ತೆಳು ಪದರಗಳನ್ನು ಅಂಟಿಸಿದ ಮರ) ಗಿಟಾರ್ ಆಗಿದ್ದರೆ ಇಷ್ಟು ತಲೆಬಿಸಿ ಬೇಡ, ಅದು ತಡೆದುಕೊಳ್ಳುತ್ತದೆ. ಸಾಲಿಡ್ ಮರದ್ದಾಗಿದ್ದರೆ ಮುಂದೆ ಓದಿ. ಹಿಂಭಾಗ ರೋಸ್‌ವುಡ್ ಅಂತ ಬರೆದಿದ್ದೀರಿ. ಅದು ನಮ್ಮ ಕಡೆಯ ಬೀಟೆಯೇ ಇರಬಹುದು. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರಲ್ಲಿ, ಮಾರ್ಟಿನ್ ಕಂಪನಿ ತನ್ನ ಗಿಟಾರುಗಳಿಗೆ ಭಾರತದ ಬೀಟೆ ಹಿಡಿಯಿತು. ಘಟ್ಟದ ಮಳೆಯಲ್ಲಿ ಬೆಳೆದ ಮರಕ್ಕೆ ಮಿನ್ನೆಸೋಟದ ಹೀಟರ್ ಗಾಳಿ, ಪಾಪ!

ಹೊರಡುವ ಎರಡು ಮೂರು ವಾರ ಮೊದಲೇ ಗಿಟಾರ್ ಈಗಾಗಲೇ ಒಣಗಿದೆಯಾ ಎಂದು ನೋಡಿ. ಕತ್ತಿನ ಅಂಚಿನ ಮೇಲೆ ಬೆರಳು ಆಡಿಸಿ. ಫ್ರೆಟ್‌ಗಳ (ಕತ್ತಿನ ಮೇಲೆ ಅಡ್ಡಡ್ಡ ಇರುವ ಲೋಹದ ಪಟ್ಟಿಗಳ) ತುದಿ ಚುಚ್ಚಿದರೆ ಮರ ಕುಗ್ಗಿದೆ ಎಂದರ್ಥ. ಆಮೇಲೆ ತಂತಿಗಳು ಹಲಗೆಗೆ ಕೂರುವ ಬ್ರಿಡ್ಜ್‌ನ ಹಿಂದೆ, ಹಲಗೆಯ ಮೇಲೆ ಅಡ್ಡಲಾಗಿ ಒಂದು ಸ್ಟೀಲ್ ಸ್ಕೇಲ್ ಇಡಿ. ಆರೋಗ್ಯವಾಗಿರುವ ಹಲಗೆ ನಡುವೆ ಚೂರು ಉಬ್ಬಿರುತ್ತದೆ, ಸ್ಕೇಲಿನ ಎರಡೂ ತುದಿಯಲ್ಲಿ ಸಂದು ಕಾಣುತ್ತದೆ. ಸಂದು ನಡುವೆ ಕಂಡರೆ ಹಲಗೆ ಕುಸಿದಿದೆ. ಅಂಥ ಗಿಟಾರನ್ನು ಮೊದಲು ಸರಿ ಮಾಡಿಕೊಳ್ಳಬೇಕು, ಹಾಗೇ ಮುಚ್ಚಿಟ್ಟು ಹೋಗಬಾರದು.

ತೇವಕ್ಕೆ ನನ್ನ ಆಯ್ಕೆ ಎರಡೂ ಕಡೆ ಕೆಲಸ ಮಾಡುವ ಪ್ಯಾಕೆಟ್‌ಗಳು. ಬೊವೇಡಾ, ಡಿ'ಅಡಾರಿಯೋದ ಹ್ಯುಮಿಡಿಪಾಕ್ ಎಂದು ಸಿಗುತ್ತವೆ. ಒಳಗೆ ಉಪ್ಪಿನ ದ್ರಾವಣ, ಹೊರಗೆ ಆವಿ ಮಾತ್ರ ದಾಟುವ ಪೊರೆ. ಗಾಳಿ ಒಣಗಿದರೆ ತೇವ ಬಿಡುತ್ತವೆ, ಜಾಸ್ತಿಯಾದರೆ ಹೀರುತ್ತವೆ. ಸ್ಪಾಂಜ್ ಇರುವ ಹ್ಯುಮಿಡಿಫೈಯರ್ ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ಆಗಾಗ ನೀರು ಹಾಕುತ್ತಿರಬೇಕು, ಮನೆಯಲ್ಲಿ ಇರುವವರಿಗೆ ಸರಿ. ನೀವು ಹೋದಮೇಲೆ ಅದು ಒಣಗಿ ಸುಮ್ನೆ ಬಿದ್ದಿರುತ್ತದೆ. ಹ್ಯುಮಿಡಿಪಾಕ್‌ನಲ್ಲಿ ಎರಡು ಪ್ಯಾಕೆಟ್ ಸೌಂಡ್‌ಹೋಲ್‌ನಲ್ಲಿ (ಹಲಗೆಯ ದುಂಡು ತೂತಿನಲ್ಲಿ) ನೇತಾಡುವ ಚೀಲಕ್ಕೆ, ಒಂದು ಗಿಟಾರಿನ ತಲೆಯ, ಅಂದರೆ ತಂತಿ ಬಿಗಿಯುವ ತುದಿಯ, ಹತ್ತಿರ ಇಡಲು. ತೀರಾ ಒಣ ಮನೆಯಲ್ಲಿ ಅವು ಎರಡು ತಿಂಗಳೊಳಗೇ ಒಣಗಿ ಗಟ್ಟಿಯಾಗಿ ಕೆಲಸ ನಿಲ್ಲಿಸಿಬಿಡಬಹುದು. ಹಾಗಾಗಿ ಮೂರು ತಿಂಗಳಿಗೆ ಒಂದೆರಡು ಹೆಚ್ಚಿಗೆ ಹಾಕಿ. ಇವು ತಮ್ಮ ಮಟ್ಟ ಮುಟ್ಟಿದ ಮೇಲೆ ನಿಲ್ಲುತ್ತವೆ, ಹೆಚ್ಚಾಯಿತು ಎಂಬ ಭಯ ಬೇಡ. ಆಮೇಲೆ ಇಡೀ ಕೇಸನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿಗೆ ಟೇಪ್ ಸುತ್ತಿ. ನೋಡಲು ಚೆಂದ ಇಲ್ಲ, ಆದರೆ ಪ್ಯಾಕೆಟ್‌ಗಳ ಆಯಸ್ಸು ಇದರಿಂದಲೇ ಹೆಚ್ಚುತ್ತದೆ.

ಇನ್ನೊಂದು ವಿಷಯ. ಕೇಸಿನ ಚಿಕ್ಕ ಡಬ್ಬಿ ತೆರೆದು ನೋಡಿ, ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ತೆಗೆದುಬಿಡಿ. ಮಂಗಳೂರಿನ ಮಳೆಗಾಲಕ್ಕೆ ಅದು ಸರಿ. ಇಲ್ಲಿ ಅದು ಇರುವ ಚೂರುಪಾರು ತೇವವನ್ನೂ ಎಳೆದುಕೊಳ್ಳುತ್ತದೆ. ಹೊರಡುವ ಮುನ್ನ ಕೊಬ್ಬರಿ ಎಣ್ಣೆಯನ್ನೋ ನಿಂಬೆ ಎಣ್ಣೆಯನ್ನೋ ಹಚ್ಚಿ ಹೋಗಬೇಡಿ. ಎಣ್ಣೆಯಿಂದ ಮರಕ್ಕೆ ನೀರಿನಂಶ ಬರುವುದಿಲ್ಲ.

ಜಾಗ ಮುಖ್ಯ. ಹೀಟರ್ ಗಾಳಿ ಬೀಸುವ ಕಡೆ ಬೇಡ, ಹೊರಗೋಡೆಗೆ ತಾಗಿಸಿಯೂ ಬೇಡ. ಮನೆಯ ನಡುವಿನ ಬಟ್ಟೆ ಕಪಾಟು ಒಳ್ಳೆಯದು. ಥರ್ಮೋಸ್ಟಾಟ್ ನಿಮ್ಮ ಕೈಯಲ್ಲಿದ್ದರೆ 70 ಫ್ಯಾರನ್‌ಹೀಟ್‌ನಿಂದ 55ಕ್ಕೆ (ಸೆಲ್ಸಿಯಸ್‌ನಲ್ಲಿ ಸುಮಾರು 21ರಿಂದ 13ಕ್ಕೆ) ಇಳಿಸಿ. ಅಷ್ಟೇ ಆವಿ ಇರುವ ಗಾಳಿ ತಣ್ಣಗಾದರೆ ಆರ್ದ್ರತೆ ತಾನಾಗಿ ಏರುತ್ತದೆ. ಲೆಕ್ಕ ಹಾಕಿದರೆ 15% ಇದ್ದದ್ದು 25% ಹತ್ತಿರ ಬರುತ್ತದೆ. ಕರೆಂಟ್ ಬಿಲ್ಲೂ ಉಳಿಯಿತು. ಪೂರ್ತಿ ಆಫ್ ಮಾತ್ರ ಮಾಡಬೇಡಿ, ನಲ್ಲಿಯ ಪೈಪು ಹೆಪ್ಪುಗಟ್ಟಿ ಒಡೆಯಬಹುದು. ಆಗ ಗಿಟಾರಿನ ಚಿಂತೆ ಯಾರಿಗೆ ಬೇಕು!

ಕೇಸಿನೊಳಗೆ ಆರ್ದ್ರತೆ ಅಳೆಯುವ ಒಂದು ಹೈಗ್ರೋಮೀಟರ್ ಇರಲಿ. ಬರೀ ಬ್ಲೂಟೂತ್ ಇರುವುದಾದರೆ ಮೈಸೂರಿನಿಂದ ನೋಡಲು ಆಗುವುದಿಲ್ಲ, ಅಳತೆಯನ್ನು ಇಂಟರ್ನೆಟ್‌ಗೆ ಕಳಿಸುವ ವೈಫೈ ಗೇಟ್‌ವೇ ಜೊತೆಗಿರುವುದು ಕೊಳ್ಳಿ. ಅಗ್ಗದ ಮೀಟರ್‌ಗಳು ತಪ್ಪು ತೋರಿಸುವುದು ಸಾಮಾನ್ಯ. ಪರೀಕ್ಷೆ ಸುಲಭ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಕಲಸಿದ ಹಿಟ್ಟಿನ ಹದಕ್ಕೆ ಬರುವಷ್ಟು ಹನಿ ನೀರು. ಅದನ್ನೂ ಮೀಟರನ್ನೂ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. 75% ತೋರಿಸಬೇಕು. 70 ತೋರಿಸಿದರೆ ಐದು ಕೂಡಿಸಿ ಓದಿಕೊಳ್ಳಿ. ಕೇಸಿನಲ್ಲಿ 40ಕ್ಕಿಂತ ಕೆಳಗೆ ಇಳಿದರೆ ಪ್ಯಾಕೆಟ್ ಬದಲಿಸಲು ಗೆಳೆಯರೊಬ್ಬರ ಹತ್ತಿರ ಬೀಗದ ಕೈ ಕೊಟ್ಟಿರಿ.

ತಂತಿ ಸಡಿಲಿಸುವ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ನಾನು ಒಂದು ಸ್ವರ ಇಳಿಸುತ್ತೇನೆ. ಪೂರ್ತಿ ಬಿಚ್ಚುವ ಅಗತ್ಯ ನನಗೆ ಕಂಡಿಲ್ಲ.

ಇಷ್ಟಾದರೂ ವಾಪಸ್ ಬಂದಾಗ ಸಣ್ಣ ಸೀಳು ಕಂಡರೆ ತಕ್ಷಣ ಅಂಟು ತುಂಬಬೇಡಿ. ಶ್ರುತಿಗೂ ಏರಿಸಬೇಡಿ. ಹೊಸ ಪ್ಯಾಕೆಟ್ ಹಾಕಿ ಎರಡು ವಾರ ಕೇಸಿನಲ್ಲೇ ಬಿಡಿ. ಮರ ತೇವ ಎಳೆದುಕೊಂಡರೆ ಎಷ್ಟೋ ಸೀಳುಗಳು ತಾವೇ ಕೂಡಿಕೊಳ್ಳುತ್ತವೆ. ಆಮೇಲೆ ಗಿಟಾರ್ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ. ಕೂಡಿದ ಸೀಳಿಗೆ ಅಂಟು ಹಾಕುವುದು ಅವರಿಗೆ ಸುಲಭ, ನಿಮಗೂ ಖರ್ಚು ಕಡಿಮೆ.