ನರ ಹೊಲಿದು ಎರಡು ತಿಂಗಳಾಯಿತು, ತಮ್ಮನ ಬೆರಳಿಗೆ ಇನ್ನೂ ಸ್ಪರ್ಶವಿಲ್ಲ. ಪ್ರೋಟೀನ್ ಪುಡಿ ಕುಡಿಸಿದರೆ ನರ ಬೇಗ ಬೆಳೆಯುತ್ತದೆಯೇ?

ನಿಮ್ಮ ತಮ್ಮನಿಗೆ ಆದದ್ದೇ ನನಗೂ ಆಗಿತ್ತು. ಸಕಲೇಶಪುರದ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ ಇದೆ. ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಮುಗಿಸಿ ಕೊಂಬೆ ಸವರುವಾಗ ಕತ್ತಿ ಜಾರಿ ಎಡಗೈ ಮಣಿಕಟ್ಟಿಗೆ ಬಿತ್ತು. ಕಿರುಬೆರಳಿಗೆ ಹೋಗುವ ನರ ಪೂರ್ತಿ ತುಂಡು. ಹಾಸನದಲ್ಲಿ ಹೊಲಿದರು. ಎರಡು ತಿಂಗಳಾದ ಮೇಲೂ ಬಿಸಿ ಲೋಟ ಹಿಡಿದರೆ ಆ ಬೆರಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಗುಳ್ಳೆ ಎದ್ದ ಮೇಲೆ ಕಣ್ಣಿಗೆ ಬಿತ್ತು. ಪ್ರೋಟೀನ್ ಪುಡಿಯ ಡಬ್ಬ ನಾನೂ ತಂದಿದ್ದೆ, ಹಾಗಾಗಿ ನಿಮ್ಮನ್ನು ಆಡಿಕೊಳ್ಳುವುದಿಲ್ಲ.

ಹೊಟ್ಟೆ ತುಂಬ ಸರಿಯಾದ ಊಟ ಮಾಡುವವರಿಗೆ ಪುಡಿಯಿಂದ ನರದ ವೇಗ ಹೆಚ್ಚುವುದಿಲ್ಲ. ಪ್ರೋಟೀನ್ ಬೇಕು, ನಿಜ. ಆದರೆ ಅದನ್ನು ನರ ತಾನೇ ಮಾಡಿಕೊಳ್ಳಬೇಕು.

ಎಲ್ಲಿ ಮಾಡಿಕೊಳ್ಳುತ್ತದೆ ಅನ್ನುವುದೇ ಮಜಾ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ನರಕೋಶದ ಪ್ರೋಟೀನ್ ಎಲ್ಲ ಕೋಶದ ಒಡಲಲ್ಲೇ ತಯಾರಾಗುತ್ತದೆ, ಉದ್ದದ ಎಳೆ ಬರೀ ಸಾಗಿಸುವ ದಾರಿ ಅಂತ ವರ್ಷಗಟ್ಟಲೆ ಪಾಠ ಮಾಡಿದ್ದೆ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಾಗ ಸುಮ್ನೆ ಲೆಕ್ಕ ಹಾಕಿದೆ. ಸ್ಪರ್ಶದ ನರಕೋಶದ ಒಡಲು ಇರುವುದು ಬೆನ್ನುಹುರಿಯ ಪಕ್ಕ, ಕತ್ತಿನ ಬುಡದಲ್ಲಿ. ಅಲ್ಲಿಂದ ಮಣಿಕಟ್ಟಿಗೆ ಸುಮಾರು 70 ಸೆಂ.ಮೀ. ಎಳೆಯ ಹಂದರ ಕಟ್ಟುವ ಪ್ರೋಟೀನುಗಳು ದಿನಕ್ಕೆ ಕೆಲವೇ ಮಿಲಿಮೀಟರ್ ಸಾಗುತ್ತವೆ. 2 ಮಿ.ಮೀ. ಅಂತ ಹಿಡಿದರೂ 350 ದಿನ! ಮೊದಲೇ ಹೊರಟ ಸಾಮಾನು ದಾರಿಯಲ್ಲಿ ಇರುತ್ತದೆ, ಸರಿ. ಗಾಯಕ್ಕೆ ಅಂತಲೇ ಬೇಕಾದದ್ದಕ್ಕೆ ಏನು ಮಾಡುವುದು?

ಮಳೆಗಾಲದಲ್ಲಿ ದೋಣಿಗಲ್ ಹತ್ತಿರ ಗುಡ್ಡ ಕುಸಿದರೆ ಜೆಸಿಬಿ ಬೆಂಗಳೂರಿಂದ ಬರಲಿ ಅಂತ ಕಾಯುತ್ತಾರಾ? ಅಲ್ಲೇ ಹತ್ತಿರ ಇದ್ದದ್ದನ್ನು ಕರೆಸುತ್ತಾರೆ. ನರವೂ ಹಾಗೆಯೇ. ಎಳೆಯೊಳಗೆ ಎಂಆರ್‌ಎನ್‌ಎ (ಪ್ರೋಟೀನ್ ಮಾಡುವ ಸೂಚನೆಯ ಚೀಟಿ), ರೈಬೋಸೋಮ್ (ಅದನ್ನು ಓದಿ ಪ್ರೋಟೀನ್ ಕಟ್ಟುವ ಯಂತ್ರ) ಎರಡೂ ಇರುತ್ತವೆ. ತುಂಡಾದ ಕೂಡಲೇ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅಲ್ಲೇ ಪ್ರೋಟೀನ್ ತಯಾರಿ ಶುರು. ಬೆಳೆಯುವ ತುದಿಗೆ ಬೇಕಾದ ಆಕ್ಟಿನ್ ಎಂಬ ಪ್ರೋಟೀನ್ ಕೂಡ ಸ್ಥಳದಲ್ಲೇ ಆಗುತ್ತದೆ. 2001ರಲ್ಲಿ ಇಲಿಯ ನರಕೋಶಗಳ ಎಳೆಗಳಲ್ಲಿ ಈ ತಯಾರಿ ನಿಲ್ಲಿಸಿ ನೋಡಿದರು. ಬೆಳೆಯುತ್ತಿದ್ದ ತುದಿಗಳು ಹಿಂದಕ್ಕೆ ಸರಿದವು.

ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು 2003ರ ಕೆಲಸ, ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೈಕ್ ಫೈನ್‌ಜಿಲ್ಬರ್ ತಂಡದ್ದು. ಗಾಯದ ಜಾಗದಲ್ಲೇ ಇಂಪೋರ್ಟಿನ್ ಬೀಟಾ ಅನ್ನುವ ಪ್ರೋಟೀನ್ ಹುಟ್ಟುತ್ತದೆ. ಅದು ಎಳೆಯೊಳಗೆ ಸಾಮಾನು ಹೊತ್ತು ಒಡಲಿನ ಕಡೆ ಸಾಗುವ ಡೈನೀನ್ ಎಂಬ ಮೋಟಾರ್ ಪ್ರೋಟೀನಿನ ಬೆನ್ನೇರಿ, ‘ಇಲ್ಲಿ ತುಂಡಾಗಿದೆ’ ಅನ್ನುವ ಸುದ್ದಿಯನ್ನು ಒಡಲಿಗೆ ತಲುಪಿಸುತ್ತದೆ. ಅಂದರೆ ಸುದ್ದಿ ಒಯ್ಯುವ ಆಳನ್ನೂ ಸ್ಥಳದಲ್ಲೇ ಹುಟ್ಟಿಸಿಕೊಳ್ಳುತ್ತದೆ! ಬೆನ್ನುಹುರಿಯೊಳಗಿನ ಎಳೆಗಳು ಕೈಕಾಲಿನ ನರದಷ್ಟು ಚೆನ್ನಾಗಿ ಬೆಳೆಯದಿರಲು ಈ ಸ್ಥಳೀಯ ತಯಾರಿ ಅಲ್ಲಿ ಕಡಿಮೆ ಇರುವುದೂ ಒಂದು ಕಾರಣ ಇರಬಹುದು ಅನ್ನುತ್ತಾರೆ.

ಇಷ್ಟೆಲ್ಲ ಇದ್ದರೂ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ. ಹೊಲಿಗೆ ದಾಟಲು ಮೊದಲ ಕೆಲವು ವಾರ ಬೇರೆ. ಮಣಿಕಟ್ಟಿಂದ ಕಿರುಬೆರಳ ತುದಿಗೆ ಲೆಕ್ಕ ಹಾಕಿ, ಎರಡು ತಿಂಗಳು ಏನೇನೂ ಅಲ್ಲ, ಅಲ್ವಾ?

ಒಂದು ಕೆಲಸ ಮಾಡಿ. ತಮ್ಮನ ಬೆರಳಿನ ಕಡೆಯಿಂದ ಹೊಲಿಗೆಯ ಗುರುತಿನ ಕಡೆಗೆ, ನರದ ದಾರಿಯಲ್ಲೇ, ನಿಮ್ಮ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಒಂದು ಕಡೆ ಮೊದಲ ಸಲ ‘ಜುಮ್’ ಅನ್ನುತ್ತದೆ. ಹೊಸ ಎಳೆ ಅಲ್ಲಿಯವರೆಗೆ ಬಂದಿದೆ ಅಂತ ಅರ್ಥ. ಇದಕ್ಕೆ ಟಿನೆಲ್ ಪರೀಕ್ಷೆ ಅಂತಾರೆ. ನಾನು ಭಾನುವಾರಕ್ಕೊಮ್ಮೆ ಪೆನ್ನಿನಲ್ಲಿ ಚುಕ್ಕೆ ಇಟ್ಟುಕೊಳ್ಳುತ್ತಿದ್ದೆ. ಆರನೇ ತಿಂಗಳಿಗೆ ಚುಕ್ಕೆ ಉಗುರಿನ ಹತ್ತಿರ ಬಂತು. ಚುಕ್ಕೆ ವಾರಗಟ್ಟಲೆ ಒಂದೇ ಕಡೆ ನಿಂತುಬಿಟ್ಟರೆ ಹೊಲಿದ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಒಲೆ ಹತ್ತಿರ, ಬಿಸಿನೀರಿಗೆ ಆ ಕೈ ಬೇಡ.